ಸಣ್ಣರಂಗಯ್ಯನ ದೊಡ್ಡ ಡಬ್ಬ

ಹತ್ತು ಬಿಪಿ ಮಾತ್ರೆಗೆ ಅಷ್ಟು ದೊಡ್ಡ ರಟ್ಟಿನ ಡಬ್ಬ ಯಾಕೆ ಬೇಕಿತ್ತೋ, ಕಳಿಸಿದವರೇ ಹೇಳಬೇಕು. ಹೊಳವನಹಳ್ಳಿ ಬಸ್ ಸ್ಟಾಪಿನ ಪಕ್ಕದ ಮೆಡಿಕಲ್ ಸ್ಟೋರಿನಲ್ಲೇ ಸಿಗುವ ಮಾತ್ರೆ ಅದು. ಅಪ್ಪ ತರಲು ಮರೆಯುತ್ತಾನೆಂದು ತುಮಕೂರಿನ ಮಗಳು ಜ್ಯೋತಿಲಕ್ಷ್ಮಿ ಮೊಬೈಲಿನಲ್ಲೇ ಆರ್ಡರ್ ಮಾಡಿದ್ದಳು. ಬೆಂಗಳೂರಿನಿಂದ ಹೊಗೆಯುಗುಳುತ್ತಾ ಬಂದ ವ್ಯಾನು ಸಣ್ಣರಂಗಯ್ಯನ ಜಗಲಿಯ ಮೇಲೆ ಟಿವಿಯಷ್ಟು ದೊಡ್ಡ ಡಬ್ಬ ಇಳಿಸಿ ಹೋಯಿತು. ಬಿಚ್ಚಿದರೆ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳು, ಅವುಗಳ ನಡುವೆ ಗುಳ್ಳೆಗುಳ್ಳೆ ಪ್ಲಾಸ್ಟಿಕ್ಕು, ಅದರೊಳಗೆ ಇನ್ನೊಂದು ಕವರು. ಕಟ್ಟಕಡೆಗೆ, ನಾಚಿಕೊಂಡ ಮದುಮಗಳಂತೆ ಮುದುಡಿ ಕೂತ ಹತ್ತು ಮಾತ್ರೆ.

ಬೇರೆಯವರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಸಣ್ಣರಂಗಯ್ಯ ನಿವೃತ್ತ ಬಸ್ ಕಂಡಕ್ಟರ್. ಕೆಲಸ ಬಿಟ್ಟರೂ ವಿಸಿಲ್ ಬಿಟ್ಟಿರಲಿಲ್ಲ. ಪ್ಲಾಸ್ಟಿಕ್ ಕವರ್ ಹಿಡಿದವರು ಕಂಡರೆ ಸಾಕು, ಸಂತೆಯ ನಡುವೆಯೇ ಊದಿ ನಿಲ್ಲಿಸುತ್ತಿದ್ದ. ಅವತ್ತು ಸಂಜೆ ನಾಲ್ಕಕ್ಕೆ ಪಂಚಾಯ್ತಿ ಪಿಡಿಓ ಮೋಹನ್ ಕುಮಾರ್ ಬಂದು ಅವನ ಬಾಗಿಲಿಗೆ ‘ಪ್ಲಾಸ್ಟಿಕ್ ಮುಕ್ತ ಮನೆ’ ಎಂಬ ಬೋರ್ಡು ಹೊಡೆಯುವವರಿದ್ದರು. ಊರಿಗೇ ಮೊದಲನೆಯದು! ಮೊಳೆ ಹೊಡೆಯುವ ಜಾಗಕ್ಕೆ ಅವನು ಬೆಳಿಗ್ಗೆಯೇ ಸುಣ್ಣದ ಗುರುತು ಹಾಕಿಟ್ಟಿದ್ದ.

"ಏನೂಂದ್ರೆ, ಮೊದ್ಲು ಇದನ್ನ ಒಳೀಕ್ ತಗಳಿ" ಎಂದು ಹೆಂಡತಿ ಗಂಗಾಂಬಿಕಾ ಹೇಳುವಷ್ಟರಲ್ಲಿ ಎದುರು ಮನೆಯ ಹೂವಿನ ಚಿಕ್ಕಹನುಮಕ್ಕ ಬಂದೇಬಿಟ್ಟಳು.

"ಏನ್ ರಂಗಣ್ಣ ಇದು?"

"ಏನಿಲ್ಲ ಕಣಮ್ಮ, ಮಾತ್ರೆ."

"ಇಷ್ಟೊಂದಾ?" ಚಿಕ್ಕಹನುಮಕ್ಕನ ಕಣ್ಣು ತುಂಬಿತು. "ಮೊನ್ನೆ ಸಂತೇಲಿ ನನ್ ಮ್ಯಾಲೆ ವಿಸಿಲ್ ಊದ್ದಾಗ ‘ನಿನ್ ಉಸ್ರು ನಿಂತೋಗಾ’ ಅಂತ ಬೈದ್ಬುಟ್ಟಿದ್ದೆ. ತಟ್ಬುಡ್ತಲ್ಲಪ್ಪಾ!"

"ಅಯ್ಯೋ, ಬರೀ ಬಿಪಿ ಕಣಮ್ಮ!"

"ಬಿಪಿಗೆ ಇಷ್ಟು ದೊಡ್ ಡಬ್ಬ ಬತ್ತೈತಾ? ನನ್ತಾವ ಮುಚ್ಚಿಡಬ್ಯಾಡ ಬುಡು" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೊರಟಳು. ಹೋದದ್ದು ಮನೆಗಲ್ಲ, ನೇರ ಬಸ್ ಸ್ಟಾಪಿಗೆ.

ಅರ್ಧ ಗಂಟೆಯಲ್ಲಿ ಹೋಟೆಲ್ ರುದ್ರಮುನಿ ಬ್ರೆಡ್ಡು ಹಿಡಿದು ಬಂದ. ಡಬ್ಬವನ್ನು ಉದ್ದಕ್ಕೂ ಅಗಲಕ್ಕೂ ನೋಡಿ, "ಈ ಸೈಜ್ ನೋಡಿದ್ರೆ ಹಾರ್ಟೇ ಇರ್ಬೇಕು. ಧೈರ್ಯವಾಗಿರು ಕಣಣ್ಣ" ಎಂದು ಬೆನ್ನು ಸವರಿದ. ಅವನ ಹಿಂದೆ ಮೋಸಂಬಿ ತಂದವರು, ದಾಳಿಂಬೆ ತಂದವರು, ಎಳನೀರು ಕೊಚ್ಚಿಸಿ ಕಟ್ಟಿಸಿಕೊಂಡು ಬಂದವರು. ಎಲ್ಲವೂ ಪ್ಲಾಸ್ಟಿಕ್ ಕವರಿನಲ್ಲೇ! ಸಣ್ಣರಂಗಯ್ಯನ ಕೈ ಅಭ್ಯಾಸಬಲದಿಂದ ವಿಸಿಲ್ಲಿಗೆ ಹೋಗುತ್ತಿತ್ತು. ಆದರೆ ಅಳುಮೋರೆ ಹೊತ್ತು ಬಂದವರ ಮೇಲೆ ಊದುವುದು ಹೇಗೆ? ಇಷ್ಟು ದಿನ ಗದರಿದ್ದರೂ ಊರಿಗೆ ತಾನು ಬೇಕಾದವನೇ ಎಂದುಕೊಂಡು ಬಂದವರಿಗೆಲ್ಲ ಕೈ ಮುಗಿದ.

ಕೈ ಮುಗಿದರೆ ಗಡಿಯಾರ ನಿಲ್ಲುತ್ತದೆಯೇ? ನಾಲ್ಕಕ್ಕೆ ಐದು ನಿಮಿಷವಿದ್ದಾಗ ಗಂಡ ಹೆಂಡತಿ ಸೇರಿ ಹಣ್ಣುಗಳನ್ನು ತೆಗೆದಿಟ್ಟು, ಅಷ್ಟೂ ಖಾಲಿ ಕವರುಗಳನ್ನು ಅದೇ ಡಬ್ಬಕ್ಕೆ ತುರುಕಿದರು. ಹಿತ್ತಿಲಿಗೆ ಸಾಗಿಸೋಣವೆಂದು ಸಣ್ಣರಂಗಯ್ಯ ಎತ್ತಿಕೊಂಡ. ಅಷ್ಟರಲ್ಲಿ ಬಾಗಿಲಲ್ಲಿ ಜೀಪು ನಿಂತಿತು, ಡಬ್ಬದ ತಳ ಕಳಚಿತು. ಕವರುಗಳೆಲ್ಲ ಹಾರಿ, ಜೀಪಿನಿಂದ ಇಳಿದ ಮೋಹನ್ ಕುಮಾರ್ ಅವರ ಕಾಲಿನ ಮೇಲೆ ಬಿದ್ದವು.

"ಸಾರ್... ಇದು..."

"ಮಾತಾಡ್ಬೇಡಿ ರಂಗಯ್ಯನೋರೇ!" ಮೋಹನ್ ಕುಮಾರ್ ಅವನನ್ನು ತಬ್ಬಿಕೊಂಡರು. "ನಿಮ್ ಮನೆ ಒಂದೇ ಕ್ಲೀನ್ ಇಟ್ಕೊಂಡಿದೀರ ಅನ್ಕೊಂಡಿದ್ದೆ. ಊರಿನ ಪ್ಲಾಸ್ಟಿಕ್ಕನ್ನೆಲ್ಲ ಬಾಚ್ಕೊಂಡು ಬಂದಿದೀರಲ್ರೀ!"

ನೆರೆದವರು ಚಪ್ಪಾಳೆ ತಟ್ಟಿದರು. ನಿಜ ಹೇಳಬೇಕೆಂದು ಸಣ್ಣರಂಗಯ್ಯ ಎರಡು ಸಲ ಬಾಯಿ ತೆರೆದ; ಎರಡು ಸಲವೂ ಹಾರ ಬಂದು ಬಾಯಿಗೆ ಅಡ್ಡವಾಯಿತು. ಮೋಹನ್ ಕುಮಾರ್ ಬೋರ್ಡನ್ನು ತಿರುಗಿಸಿ, ಹಿಂಬದಿಯಲ್ಲಿ ಬೇರೆ ಬರೆಸಿ, ಸುಣ್ಣದ ಗುರುತಿನ ಮೇಲೇ ಮೊಳೆ ಹೊಡೆಸಿದರು: ‘ಗ್ರಾಮದ ಒಣ ಕಸ ಸಂಗ್ರಹ ಕೇಂದ್ರ. ಇಲ್ಲೇ ತಂದು ಹಾಕಿ.’

ಜೀಪು ಮರೆಯಾಗುವ ಮೊದಲೇ ಬಾಗಿಲಲ್ಲಿ ಸಾಲು ನಿಂತಿತು. ಏರಿದ ಬಿಪಿಗೆ ಸಣ್ಣರಂಗಯ್ಯ ಒಂದು ಮಾತ್ರೆ ನುಂಗುತ್ತಿದ್ದಾಗ, ಸಾಲಿನ ಮೊದಲಿಗಳಾದ ಚಿಕ್ಕಹನುಮಕ್ಕ ತಲೆಯ ಮೇಲಿದ್ದ ಕಸದ ಮೂಟೆಯನ್ನು ಜಗಲಿಗೆ ಇಳಿಸಿ ಪ್ರೀತಿಯಿಂದ ಹೇಳಿದಳು:

"ಮಾತ್ರೆ ತಪ್ಪಿಸ್ಬ್ಯಾಡ ಕಣಣ್ಣ, ನೂರ್ ವರ್ಸ ಬಾಳ್ಬೇಕು ನೀನು. ನೀನಿಲ್ದಿದ್ರೆ ಈ ಕಸವ ಯಾರ್ ಮನೆಗ್ ಹಾಕಾನ?"