ತೊಳೆದ ಬೈರಾಸು, ಗುಡಿಸದ ಬೂದಿ

ಶ್ರೇಯಾ, ಪ್ರಣವ, ನಿಮಗೆಂದೇ ಬರೆದಿಡುತ್ತಿದ್ದೇನೆ, ಕೇಳಿ ಮಕ್ಕಳೇ. ನನ್ನಂಥ ನಾಚಿಕೆ ಸ್ವಭಾವದವರಿಗೆ ಕಳ್ಳರಿಗಿಂತ ಪೊಲೀಸರ ಹೆದರಿಕೆಯೇ ಹೆಚ್ಚು. ಕಳ್ಳ ನಾವಿಲ್ಲದಾಗ ಬಂದು ಹೋಗುತ್ತಾನೆ. ಪೊಲೀಸರು ನಾವಿರುವಾಗಲೇ ಬಂದು ಮನೆಯ ಮೂಲೆಮೂಲೆ ನೋಡುತ್ತಾರೆ.

ಆಗ ನಾವು ಬೆಳ್ಮಣ್ಣಿನಲ್ಲಿದ್ದೆವು. ಕಾರ್ಕಳದಲ್ಲಿ ಮದುವೆ ಊಟ ಮುಗಿಸಿ ಬಂದು, ದೇವರಿಗೆ ದೀಪ ಹಚ್ಚಿ ಬಚ್ಚಲಿಗೆ ಹೋದರೆ ನೀರು ಕಾಯಿಸುವ ತಾಮ್ರದ ಹಂಡೆಯೇ ಇಲ್ಲ! ಒಲೆಯ ಬೂದಿ ನೆಲವೆಲ್ಲ ಚೆಲ್ಲಿತ್ತು. ಬಾಗಿಲಲ್ಲಿ ಹೆಗಲಿಗೆ ಹಾಕುವ ಯಾರದೋ ಕೊಳಕು ಬೈರಾಸು ಬಿದ್ದಿತ್ತು.

ಪಕ್ಕದ ಮನೆಯ ಸುಂದರಕ್ಕ ಪೊಲೀಸರಿಗೆ ಫೋನ್ ಮಾಡಿ ಬಂದವಳೇ ತೀರ್ಪು ಕೊಟ್ಟಳು: "ಎಂತ ಸಂಶಯ ಮಾರಾಯ್ತಿ, ಆ ಯಲ್ಲಪ್ಪನೇ." ಯಲ್ಲಪ್ಪ ಬಾದಾಮಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ಗದ್ದೆಯಾಚೆಯ ಶೆಡ್ಡಿನಲ್ಲಿ ಹೆಂಡತಿ, ಹಸುಗೂಸಿನ ಜೊತೆ ಇದ್ದವ. ಅವನನ್ನು ಜೀಪು ಹತ್ತಿಸಿದರೆ ಆ ಬಾಣಂತಿ ಹುಡುಗಿಯ ಗತಿ ಎಂತ? "ಪೊಲೀಸ್ ನಾಯಿ ಬರ್ತದೆ, ಅದೇ ಬೈರಾಸು ಮೂಸಿ ಹೇಳ್ತದೆ" ಎಂದಳು ಸುಂದರಕ್ಕ.

ನಾಯಿಯಾದರೂ ಸರಕಾರದ್ದು. ಅದರ ಮೂಗಿಗೆ ಅಂಥ ಕೊಳಕು ಬೈರಾಸು ಹಿಡಿಯುವುದು ಹೇಗೆ? ಬಾರ್ ಸೋಪು ಹಾಕಿ ತಿಕ್ಕಿ, ನೀಲಿಯಲ್ಲಿ ಅದ್ದಿ, ಹಿಂಡಿ ಹರವಿದೆ. ಬೂದಿಯನ್ನೂ ಗುಡಿಸುತ್ತಿದ್ದೆ. ಆದರೆ ದೀಪ ಹಚ್ಚಿದ ಮೇಲೆ ಗುಡಿಸಿದರೆ ಲಕ್ಷ್ಮಿ ಹೊರಟುಹೋಗುತ್ತಾಳಲ್ಲ! ಹಂಡೆಯ ಹಿಂದೆ ಲಕ್ಷ್ಮಿಯೂ ಹೋಗುವುದು ಬೇಡವೆಂದು ಪೊರಕೆ ಮುಟ್ಟಲಿಲ್ಲ.

ಎಸ್ಸೈ ಬಂದರು, ನಾಯಿ ಬಂತು. ಸುಂದರಕ್ಕ ಕರೆಸಿದ ಯಲ್ಲಪ್ಪ ಅಂಗಳದಲ್ಲಿ ಕೈಕಟ್ಟಿ ನಿಂತಿದ್ದ. ನಾನು ಬೈರಾಸನ್ನು ಮಡಚಿ ಎರಡೂ ಕೈಯಿಂದ ಕೊಟ್ಟೆ.

"ಅಮ್ಮಾ, ಇದು ಒದ್ದೆ ಉಂಟಲ್ಲ?"

"ತೊಳೆದಿದ್ದೇನೆ" ಎಂದೆ, ನೆಲ ನೋಡುತ್ತಾ.

ನಾಯಿ ಮೂಸಿತು. ಒಗೆಯುವ ಕಲ್ಲಿಗೆ ಹೋಯಿತು, ಸೋಪಿನ ಡಬ್ಬಿಗೆ ಹೋಯಿತು, ಕೊನೆಗೆ ನೇರ ನನ್ನ ಮುಂದೆ ಬಂದು ಕುಳಿತು ಬೊಗಳಿತು! ಹೆದರಿ ನಿಂತಿದ್ದ ಯಲ್ಲಪ್ಪನೂ ನಕ್ಕುಬಿಟ್ಟ.

ಎಸ್ಸೈ ನಗು ನುಂಗಿಕೊಂಡು ನನಗೆ ಪಾಠ ಮಾಡಿದರು. ಕಳವಾದ ಜಾಗದಲ್ಲಿ ಏನನ್ನೂ ಮುಟ್ಟಬಾರದು, ತೊಳೆಯಲೇಬಾರದು, ಊರವರನ್ನು ಒಳಗೆ ಬಿಡಬಾರದು. ಸಿಕ್ಕಿದ ವಸ್ತುವನ್ನು ಪೊಲೀಸರೇ ಕಾಗದದಲ್ಲಿ ಕಟ್ಟಿ, ಎಲ್ಲಿ ಸಿಕ್ಕಿತು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಬರೆದಿಡಬೇಕಂತೆ. ಆಮೇಲೆ ಬಚ್ಚಲಿಗೆ ಟಾರ್ಚು ಬಿಟ್ಟವರು "ಅರೆ!" ಎಂದರು. ಕಳ್ಳನೂ ಮರ್ಯಾದಸ್ಥ, ಚಪ್ಪಲಿ ಹೊರಗೆ ಬಿಟ್ಟೇ ಬಂದಿದ್ದ. ಬೂದಿಯಲ್ಲಿ ಬರಿಗಾಲಿನ ಗುರುತು ಅಚ್ಚೊತ್ತಿದ ಹಾಗೆ ಇತ್ತು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆದರು. ಯಲ್ಲಪ್ಪನ ಪಾದ ಅಳೆದರೆ ಅದರ ಮುಂದೆ ಮಗುವಿನ ಕಾಲಿನಂತಿತ್ತು.

"ಇವನಲ್ಲ. ಅಮ್ಮಾ, ನೀವು ಬೂದಿ ಗುಡಿಸದೆ ಇಟ್ಟದ್ದು ಬುದ್ಧಿವಂತಿಕೆ" ಎಂದರು ಎಸ್ಸೈ. ನಾನು ಲಕ್ಷ್ಮಿಯ ಸುದ್ದಿ ಎತ್ತಲಿಲ್ಲ.

ಯಲ್ಲಪ್ಪ ಸುಂದರಕ್ಕನ ಕಡೆ ತಿರುಗಿ, "ಅಕ್ಕಾರ, ಇನ್ನ ಮ್ಯಾಲ ಏನರ ಕಳುವಾದ್ರ ಮೊದಲ ನನ್ನ ಕಾಲ ಅಳತಿ ತಗೊಂಡಬಿಡ್ರಿ" ಎಂದ. "ಸಾಕು ಮಾರಾಯ, ಚಾ ಕುಡಿದು ಹೋಗು" ಎನ್ನುತ್ತಾ ಅವಳು ನನ್ನ ಅಡುಗೆಮನೆಗೆ ನುಗ್ಗಿದಳು.

ಹಂಡೆ ಕಾಪುವಿನ ಗುಜರಿ ಅಂಗಡಿಯೊಂದರಲ್ಲಿ ಸಿಕ್ಕಿತು. ಅಲ್ಲಿ ಮಾರಿದವನ ಪಾದ ಬೂದಿಯ ಗುರುತಿಗೆ ಸರಿ ಹೊಂದಿತಂತೆ. ಗುರುತಿಸಲು ಠಾಣೆಗೆ ಹೋದರೆ, ಎಸ್ಸೈ ಬಾಗಿಲಲ್ಲೇ "ಅಮ್ಮಾ, ಚೀಲ ಇಲ್ಲೇ ಇಡಿ" ಎಂದರು. ಹಂಡೆ ತಿಕ್ಕಲು ಚೀಲದೊಳಗೆ ಹುಣಸೆಹುಳಿ ಇಟ್ಟುಕೊಂಡದ್ದು ಅವರಿಗೆ ಹೇಗೆ ಗೊತ್ತಾಯಿತೋ ದೇವರೇ ಬಲ್ಲ!

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿ ತೆಗೆದಿಡಿ. ಆದಷ್ಟು ನನ್ನ ಕೈಗೂ ಸೋಪಿಗೂ ಎಟುಕದ ಕಡೆ.