ಅಕ್ಕನ ಮನೆಗೆ ಅಕಸ್ಮಾತ್

ಅನುಮಾನ ಒಂದು ಕಾಯಿಲೆ ಎಂದು ನನ್ನ ಹೆಂಡತಿ ಸಾವಿತ್ರಿಯ ಅಭಿಪ್ರಾಯ. ನನಗೆ ಅದು ಅನ್ನ ಹಾಕಿದ ಕಸುಬು. ನಿವೃತ್ತನಾಗುವವರೆಗೂ ನಾನು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿಕೊಂಡಿದ್ದವನು. ಹುಣಸೂರಿನಲ್ಲೋ ಹ್ಯಾಂಡ್‌ಪೋಸ್ಟಿನಲ್ಲೋ ಬಸ್ಸು ಹತ್ತಿದರೆ ಸಾಕು, ಟಿಕೆಟ್ ಇಲ್ಲದವರು ಯಾರೆಂದು ಕಂಡಕ್ಟರ್‌ಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಅಂಥವನು ನನ್ನನ್ನು ಕಂಡ ಕೂಡಲೇ ನಿದ್ದೆ ಹೋಗುತ್ತಾನೆ. ಆದರೆ ನಿಜವಾಗಿ ನಿದ್ದೆ ಹೋದವನ ಬಾಯಿ ತೆರೆದಿರುತ್ತದೆ, ಕಳ್ಳನಿದ್ದೆಯವನ ಬಾಯಿ ಬಿಗಿದುಕೊಂಡಿರುತ್ತದೆ. ಈ ರಹಸ್ಯವನ್ನು ಬಂಧುಬಳಗಕ್ಕೆಲ್ಲ, ಅವರು ಕೇಳದಿದ್ದರೂ, ಹೇಳಿದ್ದೇನೆ. ಹೇಳಬಾರದಿತ್ತು ಎಂದು ಈಗ ಅನ್ನಿಸುತ್ತಿದೆ.

ಹೋದ ಅವರೆಕಾಯಿ ಕಾಲದಲ್ಲಿ ಒಂದು ಶನಿವಾರ ಸಾವಿತ್ರಿ ಸೊಪ್ಪು ಬಿಡಿಸುತ್ತಾ, “ನಾಳೆ ಕಾರಲ್ಲಿ ಚುಂಚನಕಟ್ಟೆಗೆ ಓಗ್ಬುಟ್ಟು ಬರಾಣ ಕಣ್ರೀ, ಫಾಲ್ಸ್ ನೋಡ್ಕಂಡು” ಎಂದಳು. ನನ್ನ ಕಿವಿ ನೆಟ್ಟಗಾಯಿತು. ಕಾವೇರಿ ತುಂಬಿ ಧುಮ್ಮಿಕ್ಕುವ ಮಳೆಗಾಲದಲ್ಲಿ ಕರೆದರೂ ಪಿರಿಯಾಪಟ್ಟಣ ಬಿಟ್ಟು ಕದಲದವಳು, ಬರೀ ಬಂಡೆ ಕಾಣುವ ಕಾಲದಲ್ಲಿ ಜಲಪಾತ ನೋಡಲು ಹೊರಟಿದ್ದಾಳೆ. ಚುಂಚನಕಟ್ಟೆಯಿಂದ ಭೇರ್ಯ ದೂರವಿಲ್ಲ. ಭೇರ್ಯದಲ್ಲಿ ನನ್ನ ಅಕ್ಕ ಜಯಮ್ಮ ಇದ್ದಾಳೆ. ನಾನೂ ಅವಳೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು.

ಜಗಳ ಅಂಥ ದೊಡ್ಡದೇನಲ್ಲ. ಅಕ್ಕ ಹೊಸ ಮನೆ ಕಟ್ಟಿಸಿದಾಗ ಗೃಹಪ್ರವೇಶದ ಕರೆಯೋಲೆಯನ್ನು ವಾಟ್ಸಾಪಿನಲ್ಲಿ ಕಳಿಸಿದಳು, ಹಿಂದೆಯೇ ಕೈಮುಗಿದ ಒಂದು ಗೊಂಬೆ. ಒಡಹುಟ್ಟಿದವರನ್ನು ಮನೆಗೆ ಬಂದು ಕುಂಕುಮ ಇಟ್ಟು ಕರೆಯುವುದು ನಮ್ಮಲ್ಲಿ ಪದ್ಧತಿ. ಗೊಂಬೆ ಕರೆದರೆ ಹೋಗುವುದಕ್ಕೆ ನಾನೇನು ಬೊಂಬೆಯಾಟದವನೇ ಎಂದು ಹೋಗಲಿಲ್ಲ. ತವರಿನವರೇ ಬರಲಿಲ್ಲವೆಂದು ಅವಳು ಬಂದವರೆದುರೆಲ್ಲ ಅತ್ತಳಂತೆ. ಅಂದಿನಿಂದ ಅವಳು ಬಂದು ಕರೆಯಲಿ ಎಂದು ನಾನು, ಅವನಾಗಿಯೇ ಬರಲಿ ಎಂದು ಅವಳು. ಇಂಥ ಹಟಕ್ಕೆ ಒಂದೇ ಒಂದು ದಾರಿ ಉಳಿದಿರುತ್ತದೆ. ಅಕಸ್ಮಾತ್ತಾಗಿ ಹೋಗಿಬಿಟ್ಟರೆ ಯಾರ ಮಾನವೂ ಹೋಗುವುದಿಲ್ಲ. ಆದರೆ ಅದು ನಿಜವಾದ ಅಕಸ್ಮಾತ್ ಆಗಿರಬೇಕು. ಮೊದಲೇ ಮಾತಾಡಿಕೊಂಡದ್ದೆಂದು ಗೊತ್ತಾದರೆ, ಮರ್ಯಾದಸ್ಥ ಅಲ್ಲಿಂದ ಎದ್ದು ಬರಲೇಬೇಕು.

ಭಾನುವಾರ ಹೊರಟೆವು. ಕಾರು ಓಡಿಸುತ್ತಿದ್ದವಳು ಮಗಳು ಲತಾ. ಹುಣಸೂರಿನ ಹೋಟೆಲಿನಲ್ಲಿ ತಾಯಿ ಮಗಳು ಮಸಾಲೆ ದೋಸೆ ತಿಂದರು. ನಾನು ಹೊಟ್ಟೆ ಸರಿಯಿಲ್ಲವೆಂದು ಕಾಫಿ ಮಾತ್ರ ಕುಡಿದೆ. ಕೆ.ಆರ್. ನಗರದಲ್ಲಿ ಸಾವಿತ್ರಿ ಕಾರು ನಿಲ್ಲಿಸಿ ಬಾಳೆಹಣ್ಣು, ಸೇವಂತಿಗೆ ಹೂವು, ಸಾಲದ್ದಕ್ಕೆ ಮೈಸೂರುಪಾಕು ತೆಗೆದುಕೊಂಡಳು. ಯಾರಿಗೆ ಎಂದರೆ “ದೇವಸ್ಥಾನಕ್ಕೆ” ಎಂದಳು. ಚುಂಚನಕಟ್ಟೆಯಲ್ಲಿ ದೇವರಿಗೆ ಒಂದು ತುಂಡು ಹೂವು ಸಂದಾಯವಾಯಿತು, ಉಳಿದದ್ದೆಲ್ಲ ಚೀಲದಲ್ಲೇ ಇತ್ತು. ಜಲಪಾತವನ್ನು ಇಬ್ಬರೂ ಬೆನ್ನು ಹಾಕಿ ಫೋಟೋ ತೆಗೆದುಕೊಳ್ಳಲು ಮಾತ್ರ ಬಳಸಿದರು. ಆಮೇಲೆ ಕಾರು ನಮ್ಮೂರಿನ ಕಡೆಗೆ ತಿರುಗುವ ಬದಲು ಭೇರ್ಯದ ಕಡೆಗೆ ತಿರುಗಿತು. ಕೇಳೋಣವೆಂದು ಹಿಂದಕ್ಕೆ ನೋಡಿದರೆ ಸಾವಿತ್ರಿ ನಿದ್ದೆ ಹೋಗಿದ್ದಳು. ಬಾಯಿ ಬಿಗಿಯಾಗಿ ಮುಚ್ಚಿತ್ತು.

ಭೇರ್ಯ ಬಂದ ಕೂಡಲೇ ಲತಾ, “ಅಪ್ಪ, ಇಂಜಿನ್ ಬಿಸಿಯಾಗಿದೆ, ನೀರು ಹಾಕ್ಬೇಕು” ಎಂದಳು. ಬಿಸಿ ತೋರಿಸುವ ಮುಳ್ಳು ತಣ್ಣಗೆ ತನ್ನ ಜಾಗದಲ್ಲಿತ್ತು. ಕಾರು ನಿಂತದ್ದು ಸರಿಯಾಗಿ ಅಕ್ಕನ ಗೇಟಿನ ಮುಂದೆ. ಅಕ್ಕ ನಡುಮಧ್ಯಾಹ್ನ ಬಾಗಿಲು ಗುಡಿಸುತ್ತಿದ್ದಳು, ಅದೂ ರೇಷ್ಮೆ ಸೀರೆ ಉಟ್ಟುಕೊಂಡು.

“ಓ! ಏನ್ಲಾ ತಮ್ಮ, ಈ ಕಡೆ?” ಎಂದಳು. ಆಶ್ಚರ್ಯವನ್ನು ಸ್ವಲ್ಪ ಜಾಸ್ತಿಯೇ ಪಟ್ಟಳು.

“ಗಾಡಿಗೆ ನೀರು ಬೇಕಿತ್ತು” ಎಂದೆ.

“ಗಾಡಿಗೆ ಬೇಕು, ನಿಂಗ್ ಬ್ಯಾಡ್ವಾ? ಒಳಿಕ್ಕೆ ಬಾ. ಏನೂ ಮಾಡಿಲ್ಲ ಕಣಪ್ಪ, ನೀವು ಬತ್ತೀರ ಅಂತ ನಂಗೇನು ಕನ್ಸಾ? ಇದ್ದುದ್ನೇ ಒಂದ್ ತುತ್ತು ಉಂಡು ಓಗು.”

ಕೈ ತೊಳೆಯಲು ಹಿತ್ತಲಿಗೆ ಹೋದೆ. ಅಲ್ಲಿ ಹಸುವಿನ ಮುಂದೆ ಅವರೆಕಾಳಿನ ಸಿಪ್ಪೆಯ ರಾಶಿ ಬಿದ್ದಿತ್ತು. ಒಳಗೆ ಬಂದು ಕೂತರೆ ತಟ್ಟೆಗೆ ಬಿದ್ದದ್ದು ಬಿಸಿ ಮುದ್ದೆ, ಹಿತಕಿದ ಬೇಳೆ ಸಾರು. ಓದುಗರೇ, ನೀವೇ ಹೇಳಿ. ಕೋಳಿಯನ್ನಾದರೆ ಅತಿಥಿಯನ್ನು ಕಂಡ ಮೇಲೂ ಹಿಡಿಯಬಹುದು. ಹಿತಕಿದ ಬೇಳೆ ಹಾಗಲ್ಲ. ಹಿಂದಿನ ದಿನವೇ ಕಾಯಿ ಸುಲಿದು, ಕಾಳು ನೆನೆಹಾಕಿ, ಮಾರನೆಯ ಬೆಳಿಗ್ಗೆ ಒಂದೊಂದೇ ಕಾಳನ್ನು ಬೆರಳಲ್ಲಿ ಹಿತಕಿ ಸಿಪ್ಪೆಯಿಂದ ಹೊರತೆಗೆಯಬೇಕು. ಅಕಸ್ಮಾತ್ತಾಗಿ ಬಂದವರಿಗೆ ಹಿತಕಿದ ಬೇಳೆ ಮಾಡಿದವರು ಈ ನಾಲ್ಕು ತಾಲ್ಲೂಕಿನಲ್ಲಿ ಯಾರೂ ಇಲ್ಲ. ಅಪರಾಧಿಗಳು ಮೂವರೂ ನನ್ನ ಮುಂದೆಯೇ ಇದ್ದರು. ಬಾಯಿ ತೆರೆದರೆ ಕೇಸು ನನ್ನದೇ.

ಆದರೆ ಗೆದ್ದ ಮೇಲೆ ತಟ್ಟೆ ಬಿಟ್ಟು ಏಳಬೇಕಲ್ಲ. ಒಮ್ಮೆ ಎದ್ದರೆ ಇನ್ನೊಂದು ಅಕಸ್ಮಾತ್ತನ್ನು ಯಾರು ತಾನೆ ಹೊಂದಿಸುತ್ತಾರೆ? ಅಕ್ಕ ಸೌಟು ಹಿಡಿದು ನಿಂತೇ ಇದ್ದಳು. ಹಿತಕಿ ಹಿತಕಿ ನೊಂದ ಹೆಬ್ಬೆರಳನ್ನು ಸೌಟಿಗೆ ತಾಗದಂತೆ ಮೇಲೆತ್ತಿಕೊಂಡಿದ್ದಳು. ಚಿಕ್ಕಂದಿನಲ್ಲಿ ಅವ್ವ ನಮ್ಮಿಬ್ಬರನ್ನೂ ಬೇಳೆ ಹಿತಕಲು ಕೂರಿಸಿದರೆ, ಅಕ್ಕ ಒಂದೊಂದು ಬೇಳೆಯನ್ನು ನನ್ನ ಮೂಗಿಗೆ ಗುರಿಯಿಟ್ಟು ಹಾರಿಸುತ್ತಿದ್ದಳು. ಆ ಬೆರಳನ್ನು ನೋಡುತ್ತಾ ತಟ್ಟೆಯಲ್ಲಿದ್ದ ಮುದ್ದೆ ಮುಗಿಸಿದೆ. ಅವಳನ್ನು ಬಿಟ್ಟು ಇಷ್ಟು ವರ್ಷ ಹೇಗಿದ್ದೆನೋ ಅನ್ನಿಸಿತು. “ಇನ್ನೊಂದು ಮುದ್ದೆ ಹಾಕಕ್ಕ” ಎಂದೆ. ಸಾವಿತ್ರಿ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟದ್ದು ನನಗೆ ಕೇಳಿಸಿತು.

ಅಕ್ಕ ಮುದ್ದೆ ಹಾಕಿದಳು. ಹಾಕಿ, ಸುಮ್ಮನಿರಬಾರದೇ?

“ಅಲ್ಲ ಕಣ್ಲಾ, ಹುಣಸೂರಲ್ಲಿ ಇವರಿಬ್ರೂ ದೋಸೆ ತಿಂದ್ರೆ ನೀನು ಬರೀ ಕಾಫಿ ಕುಡ್ದಂತೆ? ಒಟ್ಟೆ ಸರಿ ಇಲ್ಲ ಅಂದೋನು ಎರಡ್ನೇ ಮುದ್ದೆ ಕೇಳ್ತಿದ್ದೀಯ. ಬೆಳಿಗ್ಗೆಯಿಂದ ಯಾತಕ್ಕೆ ಜಾಗ ಮಾಡ್ಕಂಡಿದ್ದೆ, ಹೇಳು ನೋಡುವ?”

ಹುಣಸೂರಿನ ಕಾಫಿಯ ವಿಷಯ ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಬಹುದಿತ್ತು. ಕೇಳಿದರೆ ಅವಳ ಪ್ರಶ್ನೆಗೆ ನಾನೂ ಉತ್ತರ ಹೇಳಬೇಕಾಗುತ್ತಿತ್ತು. ಶನಿವಾರ ಸಾವಿತ್ರಿ ಚುಂಚನಕಟ್ಟೆ ಎಂದಾಗಲೇ ನನಗೆ ಎಲ್ಲ ತಿಳಿದಿತ್ತು. ತಿಳಿದೂ ಕಾರು ಹತ್ತಿದ್ದೆ, ಇಸ್ತ್ರಿ ಮಾಡಿದ ಅಂಗಿ ಬೇರೆ ಹಾಕಿಕೊಂಡಿದ್ದೆ. ಟಿಕೆಟ್ ಇಲ್ಲದೆ ಅಷ್ಟು ದೂರ ಬಂದು ಸಿಕ್ಕಿಬಿದ್ದವನು ನಾನೇ. ತಲೆ ತಗ್ಗಿಸಿ ಊಟ ಮುಗಿಸಿದೆ, ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕಣ್ಣು ಮುಚ್ಚಿ ಮಲಗಿಬಿಟ್ಟೆ.

ಸ್ವಲ್ಪ ಹೊತ್ತಿಗೆ ಅಕ್ಕನ ಬಳೆ ಸದ್ದು ಹತ್ತಿರ ಬಂತು. ಬಗ್ಗಿ ನೋಡಿದಳೆಂದು ಕಾಣುತ್ತದೆ.

“ನಿದ್ದೆ ಅಲ್ಲ ಕಣವ್ವ ಸಾವಿತ್ರಿ” ಎಂದಳು. “ಬಾಯಿ ಮುಚ್ಕಂಡವ್ನೆ ನೋಡು.”

ನಾನು ಮೆಲ್ಲಗೆ ಬಾಯಿ ತೆರೆದೆ.