ಅಕ್ಕನ ಮುಖತ್ಯಾರನಿಗೆ ಎರಡು ಎಲೆ

ಒಬ್ಬರ ರೊಕ್ಕ ಇನ್ನೊಬ್ಬರ ಸಹಿಯ ಮೇಲೆ ನಡೆಯುವ ಮನೆಯಲ್ಲಿ ನಗೆಪಾಟಲಿಗೆ ಬರಗಾಲವಿಲ್ಲ. ನಾನು ಸಾಲಿ ಮೆಟ್ಟಿಲು ಹತ್ತಿದವನಲ್ಲ. ಗೋವಾದ ಮುರ್ಮುಗಾಂವ್ ಬಂದರಿನಲ್ಲಿ ಹಮಾಲಿ ಮಾಡುತ್ತ, ಲಾರಿಗಳ ಬೆನ್ನ ಮೇಲಿನ ಬರಹ ಓದಿ ಅಕ್ಷರ ಕಲಿತವನು. ಆದರೂ ನಾವಿರುವ ಇಡೀ ಮಂಗೋರ್ ಹಿಲ್‌ನಲ್ಲಿ ಮುಖತ್ಯಾರ ಪತ್ರ ಇರುವ ಗಂಡಸು ನಾನೊಬ್ಬನೇ.

ಕೊಟ್ಟವಳು ನಮ್ಮಕ್ಕ. ಬೀಚಿನ ಮರಳಲ್ಲಿ ಅಲೆದು ಮಣಿಸರ, ಕಸೂತಿ ಚೀಲ ಮಾರಿ, ಬ್ಯಾಂಕಿನಲ್ಲಿ ಒಂದಿಷ್ಟು ಠೇವಣಿ, ಮ್ಯೂಚುವಲ್ ಫಂಡಿನಲ್ಲಿ ಒಂದಿಷ್ಟು ಇಟ್ಟಿದ್ದಳು. ಮೊಣಕಾಲು ಸೋತಮೇಲೆ ಹುಬ್ಬಳ್ಳಿಯ ಮಗಳ ಮನೆ ಸೇರಿದಳು. ಹೋಗುವಾಗ ಹೇಳಿದ್ದು ಇಷ್ಟೇ: "ತಮ್ಮಾ, ಆ ರೊಕ್ಕದಾಗ ವಾಸ್ಕೋ ಮಾರ್ಕೆಟ್‌ನ್ಯಾಗ ಒಂದು ಸಣ್ಣ ಅಂಗಡಿ ತಗೊಂಡಿರು. ಕಾಲು ನೆಟ್ಟಗಾದ ಮ್ಯಾಲೆ ನಾ ಕುಂತು ಮಾರಾಕಿ."

ಎರಡನೇ ಪಂಕ್ತಿ

ಪತ್ರ ಮಾಡಿಕೊಟ್ಟ ವಕೀಲರು ನಮ್ಮ ಕಡೆಯವರೇ. "ಇನ್ನ ಮುಂದ ನೀವು ಮಾಡಿದ್ದು ನಿಮ್ಮಕ್ಕ ಮಾಡಿದ್ಹಂಗ" ಅಂದರು. ಆ ಮಾತು ನನ್ನ ಎದೆಗೆ ಇಳಿಯಿತು.

ಅದೇ ವಾರ ನಮ್ಮ ಓಣಿಯಲ್ಲೊಂದು ಮದುವೆ. ಮೊದಲ ಪಂಕ್ತಿಯಲ್ಲಿ ಉಂಡೆ. ಎರಡನೇ ಪಂಕ್ತಿಗೂ ಕೂತೆ. ಹುಡುಗಿಯ ಅಪ್ಪ ಹುಗ್ಗಿಯ ಬಕೆಟ್ ಹಿಡಿದು ನಿಂತುಬಿಟ್ಟ. "ಕಾಕಾ, ಈಗರ ಉಂಡ್ರೆಲ್ರಿ?"

"ಆಗ ಉಂಡಾಂವ ನಾ. ಈಗ ಉಣ್ಣಾಕತ್ತಾಕಿ ನಮ್ಮಕ್ಕ. ಪತ್ರ ತೋರಸ್ಲೇನು?"

ಪಾಪ, ಬಡಿಸಿದ. ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದಳು. ಹೊರಡುವಾಗ ಅವನು ಮೆಲ್ಲಗೆ, ನಿಮ್ಮ ಉಡುಗೊರೆ ಬಂತು, ಅಕ್ಕಾರ ಆಯೇರಿ ಎಲ್ಲಿ ಅಂತ ಕೇಳಿದ. ನಾನು ಹೇಳಿದೆ, "ಅಕ್ಕ ನನಗ ಉಣ್ಣಾಕಷ್ಟ ಮುಖತ್ಯಾರ ಕೊಟ್ಟಾಳ."

ಕುರ್ಚಿ ಬದಲು

ಬ್ಯಾಂಕಿನ ಸಾಹೇಬ ನಯವಾದ ಮನುಷ್ಯ. ಚಹಾ ತರಿಸಿ, ಠೇವಣಿ ಮುರಿದು ಬೇರೆ ಸ್ಕೀಮಿಗೆ ಹಾಕಿ ಎಂದು ಹಿಂದಿಯಲ್ಲಿ ಬೆಣ್ಣೆ ಹಚ್ಚಿದ. ಹಾಕಿದರೆ ರೊಕ್ಕ ಹತ್ತು ವರ್ಷ ಅಲ್ಲೇ. ಅಕ್ಕನ ಅಂಗಡಿ ಸಮುದ್ರದ ಪಾಲು. ಅಕ್ಕನನ್ನು ಕೇಳಬೇಕು ಅಂದೆ. ನಿಮ್ಮ ಸಹಿಯೇ ಸಾಕು, ನೀವೇ ಅಕ್ಕ ಇದ್ದಂಗೆ ಅಂದ.

ಹಂಗಾದರೆ ಸರಿ ಎಂದು ಎದ್ದು ಬಾಜೂ ಕುರ್ಚಿಯಲ್ಲಿ ಕೂತೆ. ಖಾಲಿ ಕುರ್ಚಿಯ ಕಡೆ ತಿರುಗಿ, "ತಮ್ಮಾ, ನೀ ಏನಂತಿ?" ಅಂದೆ. ಮತ್ತೆ ಎದ್ದು ಮೊದಲಿನ ಕುರ್ಚಿಗೆ ಬಂದು, "ಬ್ಯಾಡಬೇ ಅಕ್ಕಾ" ಅಂದೆ. ಮೂರನೇ ಸಲ ಏಳುವಷ್ಟರಲ್ಲಿ ಸಾಹೇಬ ಕಾಗದ ಮಡಚಿ ಡ್ರಾವರಿಗೆ ಹಾಕಿದ. ಚಹಾ ಮಾತ್ರ ಎರಡು ಕಪ್ ಕುಡಿದೆ, ಇಬ್ಬರಿದ್ದೆವಲ್ಲ.

ಬಜಾರು ಎಬ್ಬಿಸಿದ್ದು

ಅಂಗಡಿ ಮಾತು ಕುದುರಿತು. ಚೌತಿಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಅಂದ ಅಂಗಡಿ ಮಾಲೀಕ. ಆಗಲೇ ಶೇರು ಬಜಾರು ಬಿತ್ತು. ಫಂಡಿನ ಏಜೆಂಟ್ ಗದಗ ಕಡೆಯ ಹುಡುಗ, ಆಫೀಸು ಫೋಂಡಾದಲ್ಲಿ. ಈಗ ತೆಗೆದರೆ ಅಂಗಡಿಗೆ ಸಾಲುವುದಿಲ್ಲ ಅಂದ.

ಬಂದರಿನಲ್ಲಿ ನಾನು ಕಣ್ಣು ಕೆಕ್ಕರಿಸಿ ನೋಡಿದ್ದಕ್ಕೆ ಕೆಟ್ಟು ನಿಂತ ಕ್ರೇನ್ ತಾನಾಗಿ ಎದ್ದದ್ದುಂಟು. ಬಜಾರು ಯಾವ ಲೆಕ್ಕ? ದಿನಾ ರೊಟ್ಟಿ ಕಟ್ಟಿಕೊಂಡು ಬಸ್ಸು ಹತ್ತಿ ಫೋಂಡಾಕ್ಕೆ ಹೋದೆ. ಅವನ ಕಂಪ್ಯೂಟರ್ ಎದುರು ಕೂತು, ಇಳಿಯುತ್ತಿದ್ದ ಕೆಂಪು ಗೆರೆಯನ್ನು ಗುರಾಯಿಸಿದೆ. ಗಿರಾಕಿಗಳು ಹೆದರಿ ಬರುವುದು ಬಿಟ್ಟರು. ಮನಿಗೆ ಹೋಗ್ರಿ ಅಜ್ಜಾ ಎಂದು ಹುಡುಗ ಕೈಮುಗಿದ. ಚೌತಿ ಇನ್ನೇನು ಬಂತು ಅನ್ನುವಾಗ ಗೆರೆ ಹಸಿರಾಯಿತು.

"ಅದು ಹೆಂಗೂ ಏರೂದಿತ್ರಿ" ಅಂದ.

"ಮತ್ತ ನಾ ಬಂದು ಕೂಡೂತನಕಾ ಯಾಕ ಏರ್ಲಿಲ್ಲ?"

ಅಷ್ಟು ಓದಿದವನು ಮತ್ತೊಮ್ಮೆ ಕೈಮುಗಿದ.

ಹರಕೆ

ಅಂಗಡಿ ಅಕ್ಕನ ಹೆಸರಿಗೆ ಆಯಿತು. ಫೋನು ಹಚ್ಚಿ, ಬಜಾರು ಏರಿಸಿದ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದೆ. ಅಕ್ಕ ಪೂರಾ ಕೇಳಿಸಿಕೊಂಡು ಹೇಳಿದಳು, ಬಜಾರು ಏರಲಿ ಅಂತ ತಾನು ಹದಿನಾರು ಸೋಮವಾರದ ಉಪವಾಸ ಹರಕೆ ಹೊತ್ತಿದ್ದಾಳಂತೆ. ಆದರೆ ಸಕ್ಕರೆ ಕಾಯಿಲೆ, ಡಾಕ್ಟರ್ ಬಿಡುವುದಿಲ್ಲ. "ನೀ ಮುಗಸು ತಮ್ಮಾ."

"ದೇವರ ಮುಂದ ಮುಖತ್ಯಾರ ನಡಿಯೂದಿಲ್ಲಬೇ."

"ಹುಗ್ಗಿ ಮುಂದ ನಡೀತಂತಲ್ಲ?"

ಹೆಂಡತಿ ಹುಬ್ಬಳ್ಳಿಗೆ ಸುದ್ದಿ ಮುಟ್ಟಿಸಿದ್ದಳು. ಆದರೂ ನಾನು ಬಿಡಲಿಲ್ಲ, ಬಜಾರು ಏರಿದ್ದು ಹರಕೆಯಿಂದಲ್ಲ, ನಾನು ಕೂತದ್ದರಿಂದ ಅಂದೆ.

"ಯಾರ ಪರವಾಗಿ ಕುಂತಿದ್ದಿ?"

"ನಿನ್ನ ಪರವಾಗಿ."

"ಹಂಗಾರ ಏರಿಸಿದಾಕಿ ನಾನ. ಉಪಾಸ ಇರಾಂವ ನೀನ."

ಮೊನ್ನೆ ಉಪವಾಸದ ಸೋಮವಾರವೇ ಮತ್ತೊಂದು ಮದುವೆ, ಹುಗ್ಗಿ ಬಡಿಸಿದ ಅದೇ ಅಪ್ಪ, ಅವನ ಎರಡನೇ ಮಗಳು. ನನ್ನನ್ನು ಕಂಡವನೇ ನಗುತ್ತ ಎರಡು ಎಲೆ ಒಟ್ಟಿಗೇ ಹಾಸಿದ. ಎರಡರ ಮೇಲೂ ಬಿಸಿ ಹುಗ್ಗಿ, ಮೇಲೆ ತುಪ್ಪ. ನನ್ನ ತಲೆ ಓಡಿತು. ಉಪವಾಸ ಇರುವುದು ಅಕ್ಕನ ಎಲೆಗೆ, ನನ್ನ ಎಲೆಗೇನು ಅಡ್ಡಿ? ಕೈ ತೊಳೆದು ಮೊದಲ ತುತ್ತು ಕಲಸಿದೆ.

ಹೆಂಗಸರ ಪಂಕ್ತಿಯಿಂದ ಹೆಂಡತಿ ಎದ್ದು ಬಂದಳು. ಎರಡೂ ಎಲೆ ಎಳೆದುಕೊಂಡಳು.

"ಎಲಿ ಎರಡ ಅದಾವು ಖರೇ" ಅಂದಳು. "ಹೊಟ್ಟಿ ಒಂದ ಐತೆಲಾ?"